ಕ್ಲೀವ್‌ಲ್ಯಾಂಡಿನ ಸಾಸಿವೆ, ಕೋಲಾರದ ಬನ್ನು: ಬರ್ಟ್‌ಮನ್ ಬಾಲ್ ಪಾರ್ಕ್ ಮಸ್ಟರ್ಡ್ ತಿಂದು ನೋಡಿದ್ದು

ನಮ್ಮ ಅಕ್ಕನ ಮಗ ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ಕೆಲಸದಲ್ಲಿದ್ದಾನೆ. ಹೋದ ಸಲ ಕೋಲಾರಕ್ಕೆ ಬಂದಾಗ ಮನೆಯವರಿಗೆಲ್ಲ ಚಾಕೊಲೇಟು, ಬಾದಾಮಿ ಕೊಟ್ಟ. ನನಗೆ ಮಾತ್ರ ಸೂಟ್‌ಕೇಸಿನ ನಡುಮಧ್ಯದಿಂದ, ಟವಲ್ಲಿನಲ್ಲಿ ಸುತ್ತಿ ಅದರ ಮೇಲೆ ಎರಡು ಪ್ಲಾಸ್ಟಿಕ್ ಕವರ್ ಹಾಕಿ ಕಟ್ಟಿದ್ದ ಒಂದು ಬಾಟಲಿ ತೆಗೆದ. "ಮಾವ, ಇದು ನಮ್ಮೂರ ಸಾಸಿವೆ, ತಿಂದು ನೋಡಿ" ಅಂದ. ಕ್ಲಾಕ್ ಟವರ್ ಹತ್ತಿರ ಆಡಿ ಬೆಳೆದ ಹುಡುಗ ಬೇರೆ ಊರನ್ನ ನಮ್ಮೂರು ಅಂದಿದ್ದು ನಾನು ಕೇಳಿದ್ದು ಅದೇ ಮೊದಲು. ಅಷ್ಟು ಹತ್ತಿರ ಆಗುವಂಥದ್ದು ಇದರಲ್ಲಿ ಏನಿದೆ ಅಂತ ಅವತ್ತೇ ಕುತೂಹಲ ಹುಟ್ಟಿತು. ಈಗ ಎರಡು ತಿಂಗಳಿಂದ ಬರ್ಗರ್, ಹಾಟ್ ಡಾಗ್ (ಉದ್ದ ಬನ್ನಿನೊಳಗೆ ಸಾಸೇಜು), ಅಂಬೊಡೆ, ಬೇಯಿಸಿದ ಮೊಟ್ಟೆ ಎಲ್ಲದರ ಜೊತೆ ತಿಂದಿದ್ದೇನೆ. ಅದನ್ನೇ ಬರೆಯುತ್ತಿದ್ದೇನೆ.

ಬಾಟಲಿ ಮೇಲಿನ ಹೆಸರು ಬರ್ಟ್‌ಮನ್ ಒರಿಜಿನಲ್ ಬಾಲ್ ಪಾರ್ಕ್ ಮಸ್ಟರ್ಡ್. ಬಾಲ್ ಪಾರ್ಕ್ ಅಂದರೆ ಬೇಸ್‌ಬಾಲ್ ಮೈದಾನ, ಮಸ್ಟರ್ಡ್ ಅಂದರೆ ಸಾಸಿವೆ ಅರೆದು ವಿನೆಗರು ಸೇರಿಸಿ ಮಾಡುವ ಗೊಜ್ಜು. ಜೋ ಬರ್ಟ್‌ಮನ್ ಅನ್ನುವವರು 1920ರ ದಶಕದಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಇದನ್ನು ಶುರು ಮಾಡಿದರು. ಆಗ ಆ ಊರಿನ ತಂಡ ಲೀಗ್ ಪಾರ್ಕ್ ಅನ್ನೋ ಮೈದಾನದಲ್ಲಿ ಆಡುತ್ತಿತ್ತು. ಆಟ ನೋಡಲು ಬಂದವರು ಹಾಟ್ ಡಾಗ್ ಕೊಂಡರೆ ಮೇಲೆ ಈ ಸಾಸಿವೆ. ಆಮೇಲೆ ತಂಡ ಮುನಿಸಿಪಲ್ ಸ್ಟೇಡಿಯಂಗೆ ಹೋಯಿತು, 1994ರಲ್ಲಿ ಈಗಿನ ಮೈದಾನ ಬಂತು, 2008ರಲ್ಲಿ ಆ ಮೈದಾನದ ಹೆಸರು ಪ್ರೋಗ್ರೆಸಿವ್ ಫೀಲ್ಡ್ ಆಯಿತು, 2021ರ ಆಟಗಳು ಮುಗಿದ ಮೇಲೆ ತಂಡದ ಹೆಸರೇ ಬದಲಾಗಿ ಗಾರ್ಡಿಯನ್ಸ್ ಆಯಿತು. ಇಷ್ಟೆಲ್ಲ ಬದಲಾದರೂ ಹಾಟ್ ಡಾಗ್ ಮೇಲಿನ ಕಂದು ಸಾಸಿವೆ ಬದಲಾಗಿಲ್ಲ. ಅಲ್ಲಿ ಸ್ಟೇಡಿಯಂ ಮಸ್ಟರ್ಡ್ ಅಂತ ಇನ್ನೊಂದು ಕಂದು ಸಾಸಿವೆಯೂ ಸಿಗುತ್ತದೆ. ಯಾವುದು ಚೆನ್ನ ಅಂತ ಊರಿನವರು ಎರಡು ಪಕ್ಷ ಆಗಿ ವಾದ ಮಾಡುತ್ತಾರಂತೆ. ನಮ್ಮಲ್ಲಿ ಮುಳಬಾಗಿಲು ದೋಸೆ ಯಾವ ಹೋಟೆಲಿನದು ಚೆನ್ನ ಅಂತ ಮಾತು ಶುರುವಾದರೆ ನಿಲ್ಲುತ್ತದಾ? ಹಾಗೇ ಅದು. ನಾನು ತಿಂದಿರುವುದು ಬರ್ಟ್‌ಮನ್ ಮಾತ್ರ, ಹಾಗಾಗಿ ಆ ವಾದದಲ್ಲಿ ನಾನಿಲ್ಲ.

ಮುಚ್ಚಳ ತೆಗೆದು ಮೊದಲು ಅಂಗೈಗೆ ಒಂದು ಹನಿ ಹಾಕಿಕೊಂಡೆ. ಬಣ್ಣ ಹುಣಸೆ ಗೊಜ್ಜಿಗಿಂತ ತಿಳಿ, ಹುರಿಗಡಲೆ ಚಟ್ನಿಪುಡಿಗಿಂತ ಗಾಢ. ನುಣ್ಣಗಿದೆ, ಆದರೆ ನೀರು ನೀರಾಗಿಲ್ಲ, ಅಂಗೈ ವಾಲಿಸಿದರೂ ಹರಿಯದೆ ಹಾಗೇ ನಿಂತಿತು. ನೆಕ್ಕಿದೆ. ಮೊದಲು ವಿನೆಗರಿನ ಹುಳಿ, ಅದರ ಹಿಂದೆಯೇ ಸ್ವಲ್ಪ ಸಿಹಿ, ಸರಿ ಇಷ್ಟೇನಾ ಅಂದುಕೊಳ್ಳುವಷ್ಟರಲ್ಲಿ ಘಾಟು ಮೂಗಿನ ಒಳಗಿಂದ ಮೇಲಕ್ಕೆ ಹತ್ತಿ ಕಣ್ಣಿನ ಮೂಲೆಗೆ ಬಂದು ನಿಂತಿತು. ಎರಡು ಸೆಕೆಂಡು. ಆಮೇಲೆ ಏನೂ ಇಲ್ಲದ ಹಾಗೆ ಹೋಗಿಬಿಟ್ಟಿತು. ಮೆಣಸಿನಕಾಯಿ ಖಾರ ಹಾಗಲ್ಲ ಅಲ್ವಾ, ಅದು ನಾಲಿಗೆ ಮೇಲೆ ಕೂತು ನೀರು ಕುಡಿಸುತ್ತದೆ. ಇದು ಬಂದು ಮುಟ್ಟಿ ಹೋಗುತ್ತದೆ, ಮುಂದಿನ ತುತ್ತಿಗೆ ಬಾಯಿ ಮತ್ತೆ ಖಾಲಿ.

ಪಕ್ಕದಲ್ಲಿ ಅಮ್ಮ ಕೂತಿದ್ದರು. "ನನಗೂ ಹಾಕೋ" ಅಂತ ಬೆರಳು ಮುಂದೆ ಮಾಡಿದರು. ನೆಕ್ಕಿ, ಕಣ್ಣು ಮುಚ್ಚಿ, ತೆಗೆದು, "ಇದು ನಮ್ಮ ಆವಕಾಯಿ ಘಾಟೇ ಕಣೋ" ಅಂದರು.

ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಕೋಲಾರದ ಕಡೆ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಅಮ್ಮನ ತವರು ಶ್ರೀನಿವಾಸಪುರದ ಕಡೆ, ಸುತ್ತ ಎಲ್ಲಿ ನೋಡಿದರೂ ಮಾವಿನ ತೋಪು. ತೆಲುಗಿನಲ್ಲಿ ಆವ ಅಂದರೆ ಸಾಸಿವೆ, ಆವಕಾಯಿ ಅಂದರೆ ಸಾಸಿವೆ ಪುಡಿ ಬೆರೆಸಿದ ಕಾಯಿ. ಬೇಸಿಗೆಯಲ್ಲಿ ಕಾಯಿ ಬಂದ ಕೂಡಲೇ ಸಾಸಿವೆಯನ್ನು ಬಿಸಿಲಿಗೆ ಹಾಕಿ, ಹುರಿಯದೆ ಹಸಿದಾಗಿಯೇ ಪುಡಿ ಮಾಡಿ, ಖಾರದ ಪುಡಿ, ಉಪ್ಪು, ಎಳ್ಳೆಣ್ಣೆ ಜೊತೆ ಕಲಸುತ್ತಾರೆ. ಜಾಡಿಯ ಬಟ್ಟೆ ಮೊದಲ ಸಲ ಬಿಚ್ಚಿದಾಗ ಅಡುಗೆಮನೆ ತುಂಬ ಹರಡುವ ಆ ಘಾಟು ಗೊತ್ತಿರುವವರಿಗೆ ಈ ಅಮೆರಿಕದ ಬಾಟಲಿ ಹೊಸದು ಅನ್ನಿಸುವುದೇ ಇಲ್ಲ. ಅವತ್ತು ಅಮ್ಮ ಎದ್ದು ಹೋಗಿ ಜಾಡಿಯಿಂದ ಉಪ್ಪಿನಕಾಯಿ ರಸ ಒಂದು ಚಮಚ ತಂದರು. ಎರಡನ್ನೂ ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ ಹಾಕಿ ನೆಕ್ಕಿ ನೋಡಿದೆವು. ಎಣ್ಣೆ ಬೇರೆ, ಹುಳಿ ಬೇರೆ, ಮೆಣಸಿನಕಾಯಿ ಇದರಲ್ಲಿದೆ ಅದರಲ್ಲಿಲ್ಲ. ಮೂಗಿಗೆ ಹತ್ತುವ ಜಾಗ ಮಾತ್ರ ಒಂದೇ.

ನನಗೆ ಮೊದಲಿಂದಲೂ ಒಂದು ಅನುಮಾನ ಇತ್ತು. ದಿನಾ ಒಗ್ಗರಣೆಗೆ ಸಾಸಿವೆ ಹಾಕುತ್ತೇವೆ, ಅದು ಯಾಕೆ ಘಾಟು ಬರುವುದಿಲ್ಲ? ಒಂದು ಕಾಳು ಹಾಗೇ ಬಾಯಿಗೆ ಹಾಕಿಕೊಂಡರೂ ಅಗಿಯುವ ತನಕ ಏನೂ ಗೊತ್ತಾಗುವುದಿಲ್ಲ. ಕಾರಣ ಇಷ್ಟು. ಸಾಸಿವೆ ಕಾಳಿನೊಳಗೆ ಸಿನಿಗ್ರಿನ್ ಅನ್ನುವ ಒಂದು ವಸ್ತು ಇರುತ್ತದೆ, ಮೈರೋಸಿನೇಸ್ ಅನ್ನುವ ಕಿಣ್ವ ಬೇರೆ ಕಡೆ ಇರುತ್ತದೆ. ಕಾಳು ಒಡೆದು ನೀರು ತಾಗಿದಾಗ ಎರಡೂ ಸೇರಿ ಘಾಟಿನ ಎಣ್ಣೆ ಹುಟ್ಟುತ್ತದೆ. ಕಾಳಲ್ಲಿ ಖಾರ ರೆಡಿಯಾಗಿ ಇರುವುದಿಲ್ಲ, ಅರೆದಾಗ ಹುಟ್ಟುತ್ತದೆ. ಕಾದ ಎಣ್ಣೆಗೆ ಬಿದ್ದ ಸಾಸಿವೆಯಲ್ಲಿ ಆ ಕಿಣ್ವ ಬಿಸಿಗೆ ಕೆಟ್ಟುಹೋಗುತ್ತದೆ, ಅದಕ್ಕೇ ಚಟಪಟ ಸಿಡಿದ ಮೇಲೆ ಬರೀ ಹುರಿದ ಘಮ ಉಳಿಯುತ್ತದೆ. ಕುದಿಯುವ ನೀರು ಹಾಕಿ ಅರೆದರೂ ಅದೇ ಕತೆ. ವಿನೆಗರಿನಂಥ ಹುಳಿ ಸೇರಿದರೆ ಕಿಣ್ವದ ಕೆಲಸ ನಿಧಾನ ಆಗುತ್ತದೆ, ಹುಟ್ಟಿದ ಘಾಟು ಕೂಡ ಬೇಗ ಹಾರಿಹೋಗದೆ ಉಳಿಯುತ್ತದೆ. ಬಾಟಲಿ ಸಾಸಿವೆಗಳೆಲ್ಲ ನಿಂತಿರುವುದು ಇದರ ಮೇಲೆ.

ಇದನ್ನ ನಾನು ಕಣ್ಣಾರೆ ನೋಡಿದ್ದು ಚಿಕ್ಕವನಿದ್ದಾಗ, ಕೆಜಿಎಫ್‌ನಲ್ಲಿ. ಅಪ್ಪನ ಸ್ನೇಹಿತರೊಬ್ಬರು ಚಾಂಪಿಯನ್ ರೀಫ್‌ನಲ್ಲಿದ್ದರು, ಆಂಗ್ಲೋ ಇಂಡಿಯನ್ ಮನೆ. ಕ್ರಿಸ್‌ಮಸ್‌ಗೆ ಹೋದರೆ ಅವರ ಮನೆಯಲ್ಲಿ ಸಾಸೇಜ್ ಹುರಿಯುತ್ತಿದ್ದರು. ಪಕ್ಕದಲ್ಲಿ ಹಳದಿ ಡಬ್ಬಿ, ಅದರ ಮೇಲೆ ಎತ್ತಿನ ತಲೆ. ಅದು ಕೋಲ್ಮನ್ಸ್ ಅಂತ, 1814ರಿಂದ ಇಂಗ್ಲೆಂಡಿನ ನಾರ್ವಿಚ್ ಕಡೆ ಮಾಡುತ್ತಾ ಬಂದಿರುವ ಸಾಸಿವೆ ಪುಡಿ ಅಂತ ಈಗ ಗೊತ್ತು. ಆಂಟಿ ಆ ಪುಡಿಗೆ ತಣ್ಣೀರು ಹಾಕಿ ಕಲಸಿ, "ಹತ್ತು ನಿಮಿಷ ಮುಟ್ಟಬೇಡ, ಇನ್ನೂ ಎದ್ದಿಲ್ಲ ಅದು" ಅನ್ನುತ್ತಿದ್ದರು. ಸಾಸಿವೆ ಏಳುವುದು ಅಂದರೇನು ಅಂತ ಆಗ ಅರ್ಥ ಆಗಿರಲಿಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟಾಗಿಂದ 2001ರಲ್ಲಿ ಗಣಿ ಮುಚ್ಚುವ ತನಕ ಆ ಊರಿನಲ್ಲಿ ಎಷ್ಟು ಥರದ ಜನ, ಎಷ್ಟು ಥರದ ಊಟ ಇತ್ತು ಅಂದರೆ, ನಮ್ಮ ಜಿಲ್ಲೆಗೆ ಸಾಸೇಜು, ಮಸ್ಟರ್ಡು ಹೊಸದು ಅಂತ ಯಾರಾದರೂ ಅಂದರೆ ನನಗೆ ಬೇಜಾರಾಗುತ್ತದೆ.

ಈಗ ಬರ್ಗರಿಗೆ ಬರೋಣ. ನಮ್ಮ ಊರಲ್ಲಿ ಈಗ ಬರ್ಗರ್ ಸಿಗದ ರಸ್ತೆ ಇಲ್ಲ. ಹುಡುಗರು ಕಷ್ಟಪಟ್ಟು ಗಾಡಿ ಹಾಕಿ ನಡೆಸುತ್ತಿದ್ದಾರೆ, ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಒಂದು ಕಡೆ ತಿಂದ ಬರ್ಗರ್ ಇನ್ನೂ ನೆನಪಿದೆ. ಆಲೂಗಡ್ಡೆ ಪ್ಯಾಟಿ ಚೆನ್ನಾಗಿ ಗರಿಗರಿ ಬಂದಿತ್ತು. ಅದರ ಮೇಲೆ ಮೆಯೊನೀಸ್ ಒಂದು ಸುತ್ತು, ಸಿಹಿ ಕೆಚಪ್ ಒಂದು ಸುತ್ತು, ಮತ್ತೆ ಮೆಯೊನೀಸ್. ಕಾಗದ ಬಿಚ್ಚುವಷ್ಟರಲ್ಲಿ ಕೆಳಗಿನ ಬನ್ ನೆಂದು ಕೈಗೆ ಬಂತು. ಎಣ್ಣೆಯಲ್ಲಿ ಕರಿದ ಪ್ಯಾಟಿ, ಬೆಣ್ಣೆ ಹಾಕಿದ ಬನ್, ಮೇಲೆ ಇನ್ನೊಂದು ಜಿಡ್ಡು, ಅದರ ಮೇಲೆ ಸಿಹಿ. ನಾಲ್ಕನೇ ತುತ್ತಿಗೆ ಬಾಯಿ ಕಟ್ಟಿಹೋಗುತ್ತದೆ. ಜಿಡ್ಡನ್ನು ಮುರಿಯುವಂಥದ್ದು ಒಂದೂ ಇಲ್ಲ. ಬಿಸಿಬೇಳೆಬಾತಿಗೆ ತುಪ್ಪ ಹಾಕಿದವರು ಪಕ್ಕದಲ್ಲಿ ಉಪ್ಪಿನಕಾಯಿಯೋ ಖಾರಾಬೂಂದಿಯೋ ಇಡುತ್ತಾರಲ್ಲ, ಆ ಕೆಲಸ ಮಾಡುವವರು ಬರ್ಗರ್ ಒಳಗೂ ಬೇಕು.

ಈ ಸಾಸಿವೆ ಮಾಡುವುದು ಅದೇ ಕೆಲಸ. ಮನೆಯಲ್ಲೇ ಭಾನುವಾರ ಬರ್ಗರ್ ಮಾಡಿದೆವು. ಬೇಕರಿಯಿಂದ ಸಿಹಿ ಇಲ್ಲದ ಬನ್ ಕೇಳಿ ತಂದೆ, ಇದು ಮುಖ್ಯ, ಸಿಹಿ ಬನ್ನಿಗೆ ಸಾಸಿವೆ ಹೊಂದುವುದಿಲ್ಲ. ಬನ್ನನ್ನು ಅಡ್ಡ ಸೀಳಿ ದೋಸೆ ಕಾವಲಿ ಮೇಲೆ ಒಳಮೈ ಕೆಳಗೆ ಮಾಡಿ ಬೆಣ್ಣೆಯಲ್ಲಿ ಕೆಂಪಗೆ ಮಾಡಿಕೊಂಡೆ. ಚಿಕನ್ ಕೈಮಾಗೆ ಉಪ್ಪು, ಮೆಣಸು, ಸ್ವಲ್ಪ ಬೆಳ್ಳುಳ್ಳಿ, ಅಷ್ಟೇ. ಮಸಾಲೆ ಜಾಸ್ತಿ ಹಾಕಿದರೆ ಸಾಸಿವೆಗೆ ಮಾತಾಡಲು ಜಾಗ ಇರುವುದಿಲ್ಲ. ಮೇಲಿನ ಬನ್ನಿನ ಒಳಮೈಗೆ ಒಂದು ಟೀ ಚಮಚ ಸಾಸಿವೆ ತೆಳ್ಳಗೆ ಸವರಿ, ಹಸಿ ಈರುಳ್ಳಿ ಎರಡು ಬಿಲ್ಲೆ ಇಟ್ಟು ಮುಚ್ಚಿದೆ. ಅಷ್ಟೇ, ಬೇರೇನೂ ಇಲ್ಲ. ಕಡೆಯ ತುತ್ತಿನ ತನಕ ಮೊದಲ ತುತ್ತಿನ ರುಚಿ ಇತ್ತು. ಇನ್ನೊಂದು ವಿಷಯ ಗಮನಿಸಿದೆ, ಬನ್ ನೆನೆಯಲಿಲ್ಲ. ಸಾಸಿವೆ ಸಿಪ್ಪೆಗೇ ಒಂಥರಾ ಲೋಳೆ, ಅಂಟಿನ ಗುಣ ಇದೆ, ಜಿಡ್ಡನ್ನೂ ನೀರನ್ನೂ ಹಿಡಿದು ಒಟ್ಟಿಗೆ ಕೂರಿಸುತ್ತದೆ. ಮೆಯೊನೀಸ್ ಮಾಡುವವರು ಒಂದು ಚಮಚ ಸಾಸಿವೆ ಹಾಕುವುದೂ ಇದಕ್ಕೇ.

ಒಂದು ತಪ್ಪು ನಾನು ಮಾಡಿದೆ, ನೀವು ಮಾಡಬೇಡಿ. ಎರಡನೇ ಸಲ ಪ್ಯಾಟಿ ಕಾವಲಿ ಮೇಲೆ ಇರುವಾಗಲೇ ಸಾಸಿವೆ ಸವರಿ ತಿರುಗಿಸಿದೆ. ಹುಳಿ ಉಳಿಯಿತು, ಘಾಟು ಪೂರ್ತಿ ಹೋಯಿತು. ಘಾಟಿನ ಎಣ್ಣೆ ಬಿಸಿಗೆ ಹಾರಿಹೋಗುವಂಥದ್ದು. ಒಲೆಯಿಂದ ಇಳಿಸಿದ ಮೇಲೆಯೇ ಸಾಸಿವೆ.

ಹಾಟ್ ಡಾಗಿಗೆ ಇದು ಇನ್ನೂ ಚೆನ್ನ. ಮೈದಾನಕ್ಕೆ ಅಂತಲೇ ಹುಟ್ಟಿದ್ದು ಅಲ್ವಾ. ಫ್ರೀಜರ್ ಅಂಗಡಿಯಲ್ಲಿ ಸಿಗುವ ಚಿಕನ್ ಸಾಸೇಜನ್ನೇ ತಂದು, ಐದು ನಿಮಿಷ ಬಿಸಿನೀರಲ್ಲಿ ಬಿಟ್ಟು, ಆಮೇಲೆ ಕಾವಲಿ ಮೇಲೆ ಹೊರಳಿಸಿದೆ. ಉದ್ದ ಬನ್ನು, ಒಳಗೆ ಸಾಸೇಜು, ಮೇಲೆ ಆ ತುದಿಯಿಂದ ಈ ತುದಿಗೆ ಒಂದೇ ಗೆರೆ ಸಾಸಿವೆ. ಅಕ್ಕನ ಮಗ ಪಕ್ಕದಲ್ಲೇ ನಿಂತಿದ್ದ, ಕೆಚಪ್ ಬಾಟಲಿಗೆ ಕೈ ಹಾಕಿದೆ. "ಮಾವ, ದಯವಿಟ್ಟು ಅದು ಬೇಡ" ಅಂತ ಬಾಟಲಿ ಎತ್ತಿಟ್ಟ. ಶಿಕಾಗೋದಲ್ಲಂತೂ ಹಾಟ್ ಡಾಗಿಗೆ ಕೆಚಪ್ ಹಾಕಿದರೆ ಜನ ಮುಖ ಸಿಂಡರಿಸುತ್ತಾರಂತೆ. ಅಲ್ಲಿಯ ಪದ್ಧತಿ ಹಳದಿ ಸಾಸಿವೆ, ಎದ್ದು ಕಾಣುವ ಹಸಿರು ರೆಲಿಶ್ (ಸಣ್ಣಗೆ ಕೊಚ್ಚಿದ ಸೌತೆಕಾಯಿ ಉಪ್ಪಿನಕಾಯಿ), ಈರುಳ್ಳಿ, ಟೊಮೇಟೊ ಹೋಳು, ಉಪ್ಪುನೀರಲ್ಲಿ ಹಾಕಿದ ಸೌತೆಕಾಯಿ, ಹಸಿಮೆಣಸಿನ ಉಪ್ಪಿನಕಾಯಿ, ಸೆಲರಿ ಉಪ್ಪು, ಎಲ್ಲ ಗಸಗಸೆ ಉದುರಿಸಿದ ಬನ್ನಿನಲ್ಲಿ. ಕ್ಲೀವ್‌ಲ್ಯಾಂಡಿನವರಿಗೆ ಈ ಕಂದು ಸಾಸಿವೆ ಒಂದಿದ್ದರೆ ಸಾಕು. ನನಗೂ ಅದೇ ಹಿಡಿಸಿತು.

ಕೆಚಪ್ ಬಗ್ಗೆ ಕೆಟ್ಟದಾಗಿ ಮಾತಾಡಲು ನನಗೆ ಮನಸ್ಸಿಲ್ಲ. ನಾನು ಟೊಮೇಟೊ ಊರಿನವನು. ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಬೆಳಗ್ಗೆ ಹೋಗಿ ನಿಂತರೆ 15 ಕೆಜಿ ಬಾಕ್ಸುಗಳು ಗೋಡೆ ಕಟ್ಟಿದ ಹಾಗೆ ಇರುತ್ತವೆ. 2023ರ ಜುಲೈಯಲ್ಲಿ ಅದೇ ಬಾಕ್ಸು 2,000 ರೂಪಾಯಿ ದಾಟಿದ್ದನ್ನೂ ನೋಡಿದ್ದೇವೆ, ಕೇಳುವವರಿಲ್ಲದೆ ರಸ್ತೆಗೆ ಸುರಿದಿದ್ದನ್ನೂ ನೋಡಿದ್ದೇವೆ. ಟೊಮೇಟೊಗೆ ಗೌರವ ಕೊಡುವುದು ಅಂದರೆ ಹಣ್ಣನ್ನೇ ಬಿಲ್ಲೆ ಮಾಡಿ ಉಪ್ಪು ಉದುರಿಸಿ ಬರ್ಗರ್ ಒಳಗೆ ಇಡುವುದು. ಸಾಸಿವೆ ಮೇಲೆ ಹಸಿ ಟೊಮೇಟೊ ಬಿಲ್ಲೆ ಇಟ್ಟು ನೋಡಿ, ಆಗ ಗೊತ್ತಾಗುತ್ತದೆ ಅದರ ಹುಳಿ ಎಷ್ಟು ಚೆನ್ನ ಅಂತ. ಸಕ್ಕರೆ ಪಾಕದಲ್ಲಿ ಅದು ಸಿಗುವುದಿಲ್ಲ.

ಅಮ್ಮ ಮಾಂಸ ಬಿಟ್ಟು ಎಷ್ಟೋ ವರ್ಷ ಆಯಿತು. ಅವರಿಗಾಗಿ ಅಂಬೊಡೆ ಮಾಡಿದೆವು. ಕಡಲೆಬೇಳೆ ನೆನೆಸಿ ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಶುಂಠಿ ಹಾಕಿ, ಮಾಮೂಲಿಗಿಂತ ಸ್ವಲ್ಪ ಅಗಲಕ್ಕೆ ತಟ್ಟಿ ಕರಿದೆವು. ಬನ್ನಿನೊಳಗೆ ಬಿಸಿ ಅಂಬೊಡೆ, ಈರುಳ್ಳಿ, ಮೇಲೆ ಈ ಸಾಸಿವೆ. ಇಡೀ ಎರಡು ತಿಂಗಳಲ್ಲಿ ನಾನು ತಿಂದ ಅತ್ಯುತ್ತಮ ಬರ್ಗರ್ ಅದು, ಚಿಕನ್‌ಗಿಂತಲೂ ಮೇಲು. ಗರಿಗರಿ ಬೇಳೆ, ಸಬ್ಬಸಿಗೆಯ ಘಮ, ಅದರ ನಡುವೆ ಸಾಸಿವೆ ಮೂಗಿಗೆ ಹತ್ತುವಾಗ ಏನೋ ಹಳೇದು ಮತ್ತೆ ಸಿಕ್ಕಿದ ಹಾಗಿತ್ತು. ಅಮ್ಮ ಒಂದು ಪೂರ್ತಿ ತಿಂದು ಇನ್ನರ್ಧ ಕೇಳಿದರು. ಬಾಟಲಿ ಕೈಗೆ ಸಿಕ್ಕವರು ಬೇರೆ ಏನು ಮಾಡದಿದ್ದರೂ ಇದೊಂದು ಮಾಡಿ.

ಬೇಯಿಸಿದ ಮೊಟ್ಟೆಗೂ ಚೆನ್ನಾಗಿ ಹೊಂದುತ್ತದೆ, ಆಲೂಗಡ್ಡೆ ಚಿಪ್ಸಿಗೂ ಹೊಂದುತ್ತದೆ. ಚಪಾತಿಗೆ ಸವರಿ ತಿನ್ನಬೇಡಿ, ಗೋಧಿ ಸಿಹಿಗೂ ಇದಕ್ಕೂ ಕೂಡುವುದಿಲ್ಲ. ಮುದ್ದೆ ಹತ್ತಿರ ತರಲೇಬೇಡಿ.

ಬೇರೆ ಸಾಸಿವೆಗಳ ಜೊತೆ ಹೋಲಿಸಿ ಹೇಳಬೇಕು ಅಂದರೆ, ಅಮೆರಿಕದ ಹಳದಿ ಸಾಸಿವೆ ಅಂದಕೂಡಲೇ ಎಲ್ಲರಿಗೂ ನೆನಪಾಗುವ ಫ್ರೆಂಚಸ್, 1904ರಲ್ಲಿ ಸೇಂಟ್ ಲೂಯಿ ವಸ್ತುಪ್ರದರ್ಶನದಲ್ಲಿ ಹೊರಬಂದಿದ್ದು, ಬೇರೆಯೇ ಜಾತಿ. ಅದಕ್ಕೆ ಬಿಳಿ ಸಾಸಿವೆ ಕಾಳು, ಆ ಬಣ್ಣ ನಮ್ಮ ಅರಿಸಿನದ್ದು. ಬಿಳಿ ಕಾಳಿನ ಖಾರ ನಾಲಿಗೆಯಲ್ಲೇ ಉಳಿಯುತ್ತದೆ, ಮೂಗಿಗೆ ಹತ್ತುವುದಿಲ್ಲ, ಮಕ್ಕಳಿಗೆ ಅದೇ ಇಷ್ಟ ಆಗಬಹುದು. ಕೋಲ್ಮನ್ಸ್ ಅದರ ಎದುರು ತುದಿ, ಒಂದು ಕಾಳಿನಷ್ಟು ಜಾಸ್ತಿ ಆದರೂ ನೆತ್ತಿಗೇರುತ್ತದೆ. ಬಂಗಾಳದ ಕಾಸುಂದಿ ನನಗೆ ತುಂಬ ಇಷ್ಟ, ಆದರೆ ಅದಕ್ಕೆ ಮೀನೇ ಸರಿ, ಬನ್ನಿನಲ್ಲಿ ಅದು ಎಲ್ಲವನ್ನೂ ಮುಚ್ಚಿಹಾಕುತ್ತದೆ. ಬರ್ಟ್‌ಮನ್ ಇವೆಲ್ಲದರ ನಡುವೆ ನಿಲ್ಲುತ್ತದೆ. ದಪ್ಪಗೆ ಹಚ್ಚಿದರೂ ತಿನ್ನಬಹುದು, ತೆಳ್ಳಗೆ ಹಚ್ಚಿದರೂ ಇದೆ ಅಂತ ಗೊತ್ತಾಗುತ್ತದೆ.

ಕೋಲಾರದ ಅಂಗಡಿಗಳಲ್ಲಿ ನನಗೆ ಇದು ಸಿಕ್ಕಿಲ್ಲ. ಆ ಕಡೆಯಿಂದ ಬರುವವರಿದ್ದರೆ ಹೇಳಿ ತರಿಸಿ. ಕೈಚೀಲದಲ್ಲಿ ಇಡುವ ಹಾಗಿಲ್ಲ, ವಿಮಾನದಲ್ಲಿ 100 ಮಿಲಿ ಮೀರಿದ ದ್ರವ, ಪೇಸ್ಟ್ ಎಲ್ಲ ಕೆಳಗೆ ಹೋಗುವ ಸೂಟ್‌ಕೇಸಿನಲ್ಲೇ ಬರಬೇಕು. ಮುಚ್ಚಳಕ್ಕೆ ಟೇಪು ಸುತ್ತಲು ಹೇಳಿ.

ತರಿಸಲು ಆಗದವರು ಮನೆಯಲ್ಲಿ ಮಾಡಿಕೊಳ್ಳಬಹುದು, ಇದೇ ರುಚಿ ಬರುತ್ತದೆ ಅಂತ ನಾನು ಹೇಳುವುದಿಲ್ಲ, ಆದರೆ ಆ ದಾರಿಯಲ್ಲೇ ಬರುತ್ತದೆ. ನಾನು ಮಾಡಿದ್ದು ಹೀಗೆ. ನಮ್ಮ ಮಾಮೂಲಿ ಕಂದು ಸಾಸಿವೆ ಎರಡು ದೊಡ್ಡ ಚಮಚ, ಹಳದಿ ಸಾಸಿವೆ ಎರಡು ದೊಡ್ಡ ಚಮಚ. ಗಾಜಿನ ಬಾಟಲಿಗೆ ಹಾಕಿ ಮುಳುಗುವಷ್ಟು ವಿನೆಗರು, ಅದರ ಅರ್ಧದಷ್ಟು ತಣ್ಣೀರು. ಎರಡು ದಿನ ಬಿಡಿ, ಕಾಳು ಊದಿ ಎಲ್ಲ ಹೀರಿಕೊಂಡಿರುತ್ತದೆ. ಉಪ್ಪು, ಚಿಟಿಕೆ ಅರಿಸಿನ, ಗೋಲಿಯಷ್ಟು ಬೆಲ್ಲ, ಎರಡು ಲವಂಗದ ಪುಡಿ ಸೇರಿಸಿ ಸಣ್ಣ ಜಾರಿನಲ್ಲಿ ನಿಲ್ಲಿಸಿ ನಿಲ್ಲಿಸಿ ರುಬ್ಬಿ, ಜಾರು ಬಿಸಿಯಾಗಲು ಬಿಡಬೇಡಿ. ಅವತ್ತೇ ರುಚಿ ನೋಡಿದರೆ ಕಹಿ ಹೊಡೆಯುತ್ತದೆ, ಹೆದರಿ ಚೆಲ್ಲಬೇಡಿ. ನಾನು ಮೊದಲ ಸಲ ಚೆಲ್ಲಿಬಿಟ್ಟೆ, ಅಮ್ಮ ಬೈದರು, "ಉಪ್ಪಿನಕಾಯಿ ಹಾಕಿದ ದಿನವೇ ತಿಂತಾರೇನೋ" ಅಂತ. ಮೂರು ದಿನ ಫ್ರಿಜ್ಜಿನಲ್ಲಿ ಕೂತ ಮೇಲೆ ಕಹಿ ಇಳಿದು ಘಾಟು ಸರಿಯಾಗಿ ನಿಂತಿತ್ತು. ಅಕ್ಕನ ಮಗನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ಬಣ್ಣ ಸರಿಯಾಗಿದೆ ಮಾವ, ಮುಂದಿನ ಸಲ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ" ಅಂದ.

ಬರ್ಟ್‌ಮನ್ ಬಾಟಲಿಯಲ್ಲಿ ಇನ್ನು ಮೂರು ಬೆರಳು ಉಳಿದಿದೆ. ಮಾವಿನ ಕಾಲಕ್ಕೆ ಅವನು ಬರುತ್ತಾನೆ, ಅಲ್ಲಿ ತನಕ ಅಂಬೊಡೆ ಮಾಡಿದ ದಿನ ಮಾತ್ರ ಅದನ್ನು ತೆಗೆಯಬೇಕು ಅಂತ ಅಮ್ಮ ಹೇಳಿದ್ದಾರೆ. ಅವನಿಗೆ ಎರಡು ಬಾಟಲಿ ಹೇಳಿದ್ದೇನೆ. ವಾಪಸ್ ಹೋಗುವಾಗ ಕೊಟ್ಟು ಕಳಿಸಲು ಅಮ್ಮ ಒಂದು ಕೆಜಿ ಆವಕಾಯಿ ಲೆಕ್ಕ ಹಾಕುತ್ತಿದ್ದಾರೆ.